ಆನೆಯಷ್ಟೇ ವೇಗ ಇದ್ದಿದ್ದರೆ ಟಿ. ರೆಕ್ಸ್ ಬೇಟೆ ಹೇಗೆ ಆಡುತ್ತಿತ್ತು?

ತೋಟದಮನೆ_ಹೆತ್ತೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲೂಕಿನ ಹೆತ್ತೂರು ಕಡೆಯ ಸಣ್ಣ ಕಾಫಿ ಬೆಳೆಗಾರ. ಬಿ.ಕಾಂ. ಮುಗಿಸಿ ತೋಟಕ್ಕೆ ವಾಪಸ್ ಬಂದವನು, ವಿಜ್ಞಾನ ಓದಿಲ್ಲ. ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ಡೈನೋಸಾರ್ ಅಂದರೆ ಪ್ರಾಣ. ಪ್ರಶ್ನೆ ಅವಳದೇ, ಆದರೆ ಹದಿನೈದು ದಿನದಿಂದ ನನ್ನ ತಲೆಯನ್ನೂ ಬಿಟ್ಟಿಲ್ಲ.

ಮೆಣಸು ಕೊಯ್ಲಿನ ಸಮಯ. ಒಂದು ಸಂಜೆ ಆಳುಗಳನ್ನು ಲೈನಿನ ಹತ್ತಿರ ಇಳಿಸಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜೀಪಿನಲ್ಲಿ ಮನೆಗೆ ಬರುತ್ತಿದ್ದೆ. ಕೆರೆ ತಿರುವಿನಲ್ಲಿ ಬೈನೆ ಮರ ಮುರಿದು ಬಿದ್ದಿತ್ತು. ಆಗಲೇ ಗೊತ್ತಾಗಬೇಕಿತ್ತು. ಜೀಪು ತಿರುವು ದಾಟಿದ ಮೇಲೆ ಹಿಂದೆ ಸಿಲ್ವರ್ ಓಕ್ ಸಾಲಿನಿಂದ ಒಂಟಿ ಸಲಗ ಹೊರಗೆ ಬಂತು. ಕಿವಿ ಅಗಲಿಸಿ ಸೀದಾ ನಮ್ಮ ಹಿಂದೆಯೇ ಬಂತು. ಮಣ್ಣಿನ ದಾರಿ, ಹೋದ ಮಳೆಗಾಲದ ಕೊರಕಲು ಇನ್ನೂ ಹಾಗೇ ಇದೆ. ಎರಡನೇ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ. ಮುಳ್ಳು ಇಪ್ಪತ್ತರ ಮೇಲೆ, ಇಪ್ಪತ್ತೈದರ ಕೆಳಗೆ ಆಡುತ್ತಿತ್ತು. ಸುಮಾರು ನೂರು ಮೀಟರ್ ಬಂದಿರಬಹುದು. ಆಮೇಲೆ ನಿಂತು, ಸೊಂಡಿಲು ಎತ್ತಿ ಗಾಳಿ ಮೂಸಿ, ತೋಟಕ್ಕೆ ಇಳಿದು ಹೋಯಿತು.

ನನ್ನ ಕೈ ನಡುಗುತ್ತಿತ್ತು. ಮಗಳು ಮಾತ್ರ ಸೀಟಿನ ಮೇಲೆ ಮಂಡಿಯೂರಿ ಉದ್ದಕ್ಕೂ ಹಿಂದೆಯೇ ನೋಡುತ್ತಿದ್ದಳು. ಮನೆ ತಲುಪಿದ ಮೇಲೆ ಅವಳು ಹೇಳಿದ್ದು ಇಷ್ಟು: "ಅಪ್ಪ, ಅದು ಓಡಲೇ ಇಲ್ಲ. ಜೋರಾಗಿ ನಡೀತು ಅಷ್ಟೇ. ಬೆನ್ನು ಮೇಲೆ ಕೆಳಗೆ ಆಗಲೇ ಇಲ್ಲ." ಯೋಚಿಸಿದರೆ ನನಗೂ ಹಾಗೇ ಅನ್ನಿಸಿತು. ಕನ್ನಡಿಯಲ್ಲಿ ಕಂಡಿದ್ದು ದನ ಓಡುವ ಹಾಗಿನ ಕುಣಿತ ಅಲ್ಲ. ಬೆನ್ನ ಮೇಲೆ ತುಂಬಿದ ಬಿಂದಿಗೆ ಇಟ್ಟಿದ್ದರೂ ಚೆಲ್ಲುತ್ತಿರಲಿಲ್ಲವೇನೋ.

ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಆನೆ ಜಾಗದಲ್ಲಿ ಟಿ. ರೆಕ್ಸ್ ಇದ್ದಿದ್ದರೆ ನಾವು ತಪ್ಪಿಸಿಕೊಳ್ಳುತ್ತಿದ್ವಾ?" ಸಿನಿಮಾದಲ್ಲಿ ಅದು ಜೀಪಿನ ಹಿಂದೆ ಓಡುವುದನ್ನು ನಾವಿಬ್ಬರೂ ನೋಡಿದ್ದೇವೆ. ಆದರೆ ಆನೆಗಿಂತ ಭಾರದ ಪ್ರಾಣಿ, ಅದೂ ಎರಡೇ ಕಾಲಿನ ಮೇಲೆ, ಹಾಗೆ ಓಡಲು ಆಗುತ್ತಿತ್ತಾ? ಓಡದಿದ್ದರೆ ಹೊಟ್ಟೆ ತುಂಬಿಸಿಕೊಂಡಿದ್ದು ಹೇಗೆ? ತಿಳಿದವರು ದಯವಿಟ್ಟು ಹೇಳಿ. ಸುಮ್ನೆ ಏನೋ ಒಂದು ಹೇಳಿ ಅವಳ ಬಾಯಿ ಮುಚ್ಚಿಸಲು ನನಗೆ ಇಷ್ಟವಿಲ್ಲ.

ದನದಡಾಕ್ಟ್ರು_ಮೂಡಿಗೆರೆ:

ನಿಮ್ಮ ಮಗಳ ಕಣ್ಣಿಗೆ ಮೊದಲು ಶಹಬ್ಬಾಸ್ ಹೇಳಿ. ಅವಳು ನೋಡಿದ್ದು ಅಕ್ಷರಶಃ ಸರಿ. ಜಾನ್ ಹಚಿನ್ಸನ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಯವರು ಥೈಲ್ಯಾಂಡ್‌ನ ಸಾಕಾನೆಗಳ ಕೀಲುಗಳ ಮೇಲೆ ಬಣ್ಣದ ಚುಕ್ಕೆ ಇಟ್ಟು, ಓಡಿಸಿ, ವಿಡಿಯೋ ತೆಗೆದು 2003ರಲ್ಲಿ ಪ್ರಕಟಿಸಿದರು. ಅತಿ ಜೋರಿನ ಆನೆ ಗಂಟೆಗೆ ಸುಮಾರು 25 ಕಿ.ಮೀ. ಹೋಯಿತು. ಆಗಲೂ ನಾಲ್ಕು ಕಾಲು ಒಟ್ಟಿಗೆ ನೆಲ ಬಿಡಲಿಲ್ಲ. ನಿಮ್ಮ ಜೀಪಿನ ಮುಳ್ಳು ತೋರಿಸಿದ್ದೂ ಅಷ್ಟೇ ಅಲ್ವಾ?

ಇದೇ ಹಚಿನ್ಸನ್ ಅದಕ್ಕೆ ಒಂದು ವರ್ಷ ಮೊದಲು, 2002ರಲ್ಲಿ, ಮರಿಯಾನೋ ಗಾರ್ಸಿಯಾ ಜೊತೆ ಟಿ. ರೆಕ್ಸ್ ಲೆಕ್ಕ ಹಾಕಿದ್ದರು. ಅವರು ಕೇಳಿಕೊಂಡ ಪ್ರಶ್ನೆ ನನಗೆ ತುಂಬಾ ಇಷ್ಟ. "ಎಷ್ಟು ವೇಗ ಓಡುತ್ತಿತ್ತು" ಅಂತ ಅಲ್ಲ, "ಅಷ್ಟು ವೇಗ ಓಡಲು ಕಾಲಿನಲ್ಲಿ ಎಷ್ಟು ಮಾಂಸ ಬೇಕು" ಅಂತ. ಗಂಟೆಗೆ 70 ಕಿ.ಮೀ. ಆಸುಪಾಸು ಓಡಬೇಕಾದರೆ ಎರಡು ಕಾಲಿನ ಸ್ನಾಯುಗಳೇ ಮೈತೂಕದ 86% ಇರಬೇಕಾಗುತ್ತಿತ್ತು. ಉಳಿದ 14%ರಲ್ಲಿ ತಲೆ, ಹೊಟ್ಟೆ, ಬಾಲ, ಮೂಳೆ ಎಲ್ಲ ಹಿಡಿಸಬೇಕು. ಅದು ಆಗದ ಮಾತು. ಅವರು ಕೊಟ್ಟ ಅಂದಾಜು ಗಂಟೆಗೆ 18ರಿಂದ 40 ಕಿ.ಮೀ. ಒಳಗೆ.

ಕಾರಣ ಮಗಳಿಗೆ ಹೇಳುವುದಾದರೆ ಕೋಳಿಯಿಂದ ಶುರು ಮಾಡಿ. ನಿಮ್ಮ ಅಂಗಳದ ನಾಟಿ ಕೋಳಿ ಟಿ. ರೆಕ್ಸ್‌ಗೆ ದೂರದ ನೆಂಟರೇ. ಪ್ರಾಣಿಯನ್ನು ಎಲ್ಲ ಕಡೆಯಿಂದ ಎರಡರಷ್ಟು ದೊಡ್ಡದು ಮಾಡಿದರೆ ಸ್ನಾಯುವನ್ನು ಅಡ್ಡ ಕೊಯ್ದರೆ ಕಾಣುವ ಮುಖದ ವಿಸ್ತೀರ್ಣ ನಾಲ್ಕರಷ್ಟಾಗುತ್ತದೆ. ತೂಕ ಎಂಟರಷ್ಟಾಗುತ್ತದೆ. ಬಲ ಬರುವುದು ಆ ವಿಸ್ತೀರ್ಣದಿಂದ. ಹಾಗಾಗಿ ದೊಡ್ಡದಾದಷ್ಟೂ ತನ್ನ ಮೈ ತನಗೇ ಭಾರ. ಅದೇ ಲೆಕ್ಕದಲ್ಲಿ ಕೋಳಿಯನ್ನು 6 ಟನ್‌ಗೆ ಹಿಗ್ಗಿಸಿ ಓಡು ಅಂದರೆ, ಒಂದೊಂದು ಕಾಲಿನ ಸ್ನಾಯುವೇ ಮೈತೂಕದ 99% ಬೇಕಂತೆ.

ಭಾರ ಅಂದರೆ ಏನು ಅನ್ನುವುದನ್ನು ನಾನು ಪುಸ್ತಕದಲ್ಲಿ ಕಲಿತವಳಲ್ಲ, ಕೊಟ್ಟಿಗೆಯಲ್ಲಿ ಕಲಿತವಳು. ಬಣಕಲ್ ಹತ್ತಿರ ಒಂದು ಎಚ್.ಎಫ್. ಹಸು, ನಾನೂರೈವತ್ತು ಕೆ.ಜಿ. ಇರಬಹುದು, ಕರು ಹಾಕಿದ ಮಾರನೇ ರಾತ್ರಿ ಒದ್ದೆ ಸಿಮೆಂಟ್ ಮೇಲೆ ಜಾರಿ ಕೂತಿತು. ನಾನು ಹೋಗುವಷ್ಟರಲ್ಲಿ ಹತ್ತು ಗಂಟೆಯಿಂದ ಒಂದೇ ಮಗ್ಗುಲಲ್ಲಿ ಇತ್ತು. ಕ್ಯಾಲ್ಸಿಯಂ ಏರಿಸಿದೆ. ತಲೆ ಎತ್ತಿತು, ಕಿವಿ ಬೆಚ್ಚಗಾಯಿತು, ಸಗಣಿಯೂ ಹಾಕಿತು. ಆದರೆ ಕೆಳಗೆ ಸಿಕ್ಕಿದ್ದ ಹಿಂಗಾಲು ಏಳಲೇ ಇಲ್ಲ. ಯಾರೂ ಹೊಡೆದಿಲ್ಲ, ಮೂಳೆ ಮುರಿದಿಲ್ಲ. ಅದರ ಮೈಯೇ ಅದರ ತೊಡೆಯನ್ನು ಜಜ್ಜಿತ್ತು. ಹುಲ್ಲು ಹಾಸಿ, ಗೋಣಿಚೀಲ ಕಟ್ಟಿ, ಆರು ಜನ ಸೇರಿ ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಿದೆವು. ಐದನೇ ದಿನ ಎದ್ದಿತು. ಹಾಗೆ ಎಲ್ಲ ಹಸುವೂ ಏಳುವುದಿಲ್ಲ.

ನಾನೂರೈವತ್ತು ಕೆ.ಜಿ.ಗೇ ಹೀಗಾದರೆ ಎಂಟು ಟನ್ ಪ್ರಾಣಿ, ಸೊಂಟವೇ ಸುಮಾರು 4 ಮೀಟರ್ ಎತ್ತರದಲ್ಲಿ ಇರುವುದು, ಓಡುವಾಗ ಎಡವಿದರೆ? ಊರಿಕೊಳ್ಳಲು ಮುಂಗೈ ಇಲ್ಲ, ಇರುವುದು ನಮ್ಮ ಕೈಯಷ್ಟು ಉದ್ದದ್ದು. ಜೇಮ್ಸ್ ಫಾರ್ಲೋ ಮತ್ತು ಜೊತೆಯವರು 1995ರಲ್ಲೇ ಈ ಬೀಳುವ ಲೆಕ್ಕ ಹಾಕಿ, ಅತಿ ವೇಗದಲ್ಲಿ ಬಿದ್ದರೆ ಬದುಕುವುದು ಕಷ್ಟ ಅಂದಿದ್ದರು. 2017ರಲ್ಲಿ ವಿಲಿಯಂ ಸೆಲ್ಲರ್ಸ್ ತಂಡ ಮೂಳೆಯ ಮೇಲೆ ಬೀಳುವ ಒತ್ತಡವನ್ನೂ ಕಂಪ್ಯೂಟರಿಗೆ ಸೇರಿಸಿತು. ನಿಜವಾದ ಓಟ ಓಡಿದರೆ ಕಾಲಿನ ಮೂಳೆಯೇ ತಡೆಯುವುದಿಲ್ಲ, ಗಂಟೆಗೆ ಸುಮಾರು 20 ಕಿ.ಮೀ. ಜೋರು ನಡಿಗೆಯೇ ಮಿತಿ ಅಂತ ಬಂತು. ಅದೇ ವರ್ಷ ಬೇರೆ ತಂಡವೊಂದು ಬೇರೆ ದಾರಿಯಲ್ಲಿ ಲೆಕ್ಕ ಹಾಕಿ 27 ಅಂದಿತು. ಹೇಗೇ ನೋಡಿ, ಆನೆಯ ಆಸುಪಾಸೇ.

ಹಳೇಪುಸ್ತಕ_ಕಡೂರು:

ಡಾಕ್ಟ್ರೇ, ನಾನು ಹೈಸ್ಕೂಲಿನಲ್ಲಿದ್ದಾಗ ಓದಿದ್ದು ಗಂಟೆಗೆ 70 ಕಿ.ಮೀ. ಅಂತಲೇ. ಆಗ ರಾಬರ್ಟ್ ಬಾಕರ್ ಅವರ ಹೆಸರು ದೊಡ್ಡದು. ಡೈನೋಸಾರ್ ಅಂದರೆ ಮಂದ ಹಲ್ಲಿ ಅಲ್ಲ, ಬಿಸಿರಕ್ತದ ಚುರುಕು ಪ್ರಾಣಿ ಅಂತ ಜಗತ್ತಿಗೆ ನಂಬಿಸಿದವರು ಅವರೇ. ಈಗ ನೀವು ಇಪ್ಪತ್ತಕ್ಕೆ ಇಳಿಸಿದಿರಿ.

ಹಾಗಾದರೆ ಅಮೆರಿಕದ ಮೊಂಟಾನಾದ ಡೈನೋಸಾರ್ ವಿಜ್ಞಾನಿ ಜಾಕ್ ಹಾರ್ನರ್ ಹೇಳಿದ್ದೇ ನಿಜ ಅಂತ ಆಗಲ್ವಾ? ಅದು ಬೇಟೆಯ ಪ್ರಾಣಿಯೇ ಅಲ್ಲ, ರಣಹದ್ದಿನ ಹಾಗೆ ಸತ್ತದ್ದನ್ನು ಹುಡುಕಿ ತಿನ್ನುತ್ತಿತ್ತು ಅಂತ ಅವರ ವಾದ. ಓಡಲಾಗದವನು ಹಿಡಿಯುವುದೇನನ್ನು?

ಮೇಷ್ಟ್ರು_ಹೊಳೆನರಸೀಪುರ:

ಸರ್, ಹಿಡಿಯುವುದಕ್ಕೆ ಎಲ್ಲರಿಗಿಂತ ವೇಗ ಬೇಕಾಗಿಲ್ಲ. ತಿನ್ನಬೇಕಾದ ಪ್ರಾಣಿಗಿಂತ ಒಂದು ಹೆಜ್ಜೆ ಜಾಸ್ತಿ ಸಾಕು. ಅದರ ಕಾಲದ ಟ್ರೈಸೆರಾಟಾಪ್ಸ್, ಎಡ್ಮಂಟೋಸಾರಸ್ ಅನ್ನುವ ಸಸ್ಯಾಹಾರಿ ಡೈನೋಸಾರ್‌ಗಳೂ ಟನ್‌ಗಟ್ಟಲೆ ಭಾರದವೇ. ಡಾಕ್ಟರು ಹೇಳಿದ ಲೆಕ್ಕ ಅವಕ್ಕೂ ಅನ್ವಯಿಸುತ್ತದೆ.

ಬೇಟೆಗೆ ಸಾಕ್ಷಿ ಇದೆ. ದಕ್ಷಿಣ ಡಕೋಟಾದಲ್ಲಿ ಸಿಕ್ಕ ಒಂದು ಸಸ್ಯಾಹಾರಿ ಡೈನೋಸಾರ್‌ನ ಬಾಲದ ಎರಡು ಮೂಳೆಗಳ ನಡುವೆ ಟಿ. ರೆಕ್ಸ್ ಹಲ್ಲು ಮುರಿದು ಉಳಿದಿದೆ. 2013ರಲ್ಲಿ ಅದರ ವಿವರ ಪ್ರಕಟವಾಯಿತು. ಹಲ್ಲಿನ ಸುತ್ತ ಹೊಸ ಮೂಳೆ ಬೆಳೆದು ಆ ಎರಡು ಮೂಳೆಗಳೂ ಬೆಸೆದುಕೊಂಡಿವೆ. ಸತ್ತ ಪ್ರಾಣಿಯಲ್ಲಿ ಮೂಳೆ ಬೆಳೆಯುವುದಿಲ್ಲ ಅಲ್ವಾ? ಅಂದರೆ ಬದುಕಿದ್ದಾಗ ಹಿಂದಿನಿಂದ ಬಾಲಕ್ಕೆ ಬಾಯಿ ಹಾಕಿದೆ, ಅದು ತಪ್ಪಿಸಿಕೊಂಡಿದೆ, ಗಾಯ ಮಾಗಿ ಎಷ್ಟೋ ಕಾಲ ಬಾಳಿದೆ. ತಪ್ಪಿಸಿಕೊಂಡವನೇ ಸಾಕ್ಷಿ ಹೇಳಿದ ಹಾಗೆ. ಸತ್ತದ್ದು ಸಿಕ್ಕರೆ ಬಿಡುತ್ತಿರಲಿಲ್ಲ, ಅದೂ ನಿಜ. ನಮ್ಮ ಚಿರತೆ ಬಿಡುತ್ತದೆಯೇ?

ವೇಗಕ್ಕೆ ಇನ್ನೊಂದು ದಾರಿ ಹೆಜ್ಜೆ ಗುರುತು. 1976ರಲ್ಲಿ ಮೆಕ್‌ನೀಲ್ ಅಲೆಕ್ಸಾಂಡರ್ ಒಂದು ಸೂತ್ರ ಕೊಟ್ಟರು. ಒಂದೇ ಕಾಲಿನ ಎರಡು ಗುರುತುಗಳ ನಡುವಿನ ದೂರ ಮತ್ತು ನೆಲದಿಂದ ಸೊಂಟದ ಎತ್ತರ, ಇವೆರಡು ಗೊತ್ತಿದ್ದರೆ ವೇಗ ತಿಳಿಯುತ್ತದೆ. ನಮ್ಮ ಎಂಟನೇ ಕ್ಲಾಸಿನ ಮಕ್ಕಳ ಕೈಲಿ ಇದನ್ನು ಮೈದಾನದಲ್ಲಿ ಮಾಡಿಸಿದೆ. ಉದ್ದಜಿಗಿತದ ಮರಳು ಇತ್ತಲ್ಲ, ಅದನ್ನೇ ಉದ್ದಕ್ಕೆ ತೆಳ್ಳಗೆ ಹರಡಿಸಿದೆ. ಒಬ್ಬ ಹುಡುಗನ ಸೊಂಟ 80 ಸೆಂ.ಮೀ. ಎತ್ತರ. ನಡೆದಾಗ ಬಲಗಾಲಿನಿಂದ ಬಲಗಾಲಿಗೆ 1.3 ಮೀಟರ್. ಸೂತ್ರದ ಪ್ರಕಾರ ಗಂಟೆಗೆ ಐದೂಮುಕ್ಕಾಲು ಕಿ.ಮೀ. ಹತ್ತಿರ. ಆಮೇಲೆ ಓಡಿದ. ದೂರ 2.6 ಮೀಟರ್, ಸರಿಯಾಗಿ ದುಪ್ಪಟ್ಟು. ವೇಗ ಮಾತ್ರ ಹದಿನೆಂಟಕ್ಕೆ ಹೋಯಿತು, ಮೂರರಷ್ಟಕ್ಕೂ ಜಾಸ್ತಿ. ಸ್ಟಾಪ್‌ವಾಚ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ಬಂದಾಗ ಮಕ್ಕಳು ಕೂಗಿದ್ದು ರಸ್ತೆಗೆ ಕೇಳಿರಬೇಕು. ಕಲ್ಲಾಗಿ ಹೋದ ಒಂದು ಹೆಜ್ಜೆ ಸಾಲಿನಿಂದ ಕೋಟಿ ವರ್ಷದ ಹಿಂದಿನ ಓಟ ಓದಬಹುದು ಅಂತ ಅವರಿಗೆ ಆವತ್ತು ನಂಬಿಕೆ ಬಂತು.

ದೊಡ್ಡ ಟಿ. ರೆಕ್ಸ್ ಓಡಿದ ಹೆಜ್ಜೆ ಸಾಲು ಸಿಕ್ಕಿಲ್ಲ. ಅಮೆರಿಕದ ವಯೋಮಿಂಗ್‌ನಲ್ಲಿ ಆ ಜಾತಿಯ ಎಳೆಯದೊಂದು ನಡೆದದ್ದಿರಬಹುದು ಅನ್ನುವ ಸಾಲು ಇದೆ, ಅದರ ವೇಗ ಗಂಟೆಗೆ 4.5ರಿಂದ 8 ಕಿ.ಮೀ. ಬಾಲ ಮೇಲೆ ಕೆಳಗೆ ತೂಗುವ ತಾಳದಿಂದ ನೆದರ್ಲ್ಯಾಂಡ್ಸ್‌ನವರು 2021ರಲ್ಲಿ ಲೆಕ್ಕ ಹಾಕಿದಾಗಲೂ ಅದರ ಆರಾಮದ ನಡಿಗೆ 4.6 ಬಂತು. ನಾವು ಸಂತೆಗೆ ನಡೆಯುವ ವೇಗ! ಅದೇ ಸ್ಪೇನ್‌ನ ಲಾ ರಿಯೋಹಾದಲ್ಲಿ ಮಧ್ಯಮ ಗಾತ್ರದ ಮಾಂಸಾಹಾರಿಯೊಂದರ ಹೆಜ್ಜೆಗಳು ಗಂಟೆಗೆ ಸುಮಾರು 45 ಕಿ.ಮೀ. ತನಕ ಹೇಳುತ್ತವೆ. ಓಟ ಇದ್ದದ್ದು ಮಧ್ಯದ ಗಾತ್ರದವಕ್ಕೆ.

ತೋಟದಮನೆಯವರ ಮಗಳು ಮುಂದಿನ ಸಲ "ನಮ್ಮ ತೋಟದಲ್ಲಿ ಅಗೆದರೆ ಸಿಗುತ್ತಾ" ಅಂತ ಕೇಳಿಯೇ ಕೇಳುತ್ತಾಳೆ. ನನ್ನ ಮಕ್ಕಳೆಲ್ಲ ಕೇಳುತ್ತಾರೆ. ಸಿಗುವುದಿಲ್ಲ ತಾಯಿ. ನಮ್ಮ ಹಾಸನದ ಬಂಡೆಗಳು 300 ಕೋಟಿ ವರ್ಷದ ಆಸುಪಾಸಿನವು, ಟಿ. ರೆಕ್ಸ್ ಇದ್ದದ್ದು ಬರೀ 6.6 ಕೋಟಿ ವರ್ಷದ ಹಿಂದೆ, ಅದೂ ಉತ್ತರ ಅಮೆರಿಕದಲ್ಲಿ. ನಮ್ಮ ದೇಶದ್ದು ಬೇಕೆಂದರೆ ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕ ರಾಜಸಾರಸ್ ಇದೆ, ನರ್ಮದೆಯ ಹೆಸರನ್ನೂ ಸೇರಿಸಿ 2003ರಲ್ಲಿ ನಾಮಕರಣ ಆಯಿತು. ಅದು ಬೇರೆ ಮನೆತನ, ತಲೆ ಮೇಲೆ ಗಿಡ್ಡ ಕೊಂಬು.

ದನದಡಾಕ್ಟ್ರು_ಮೂಡಿಗೆರೆ:

ಮೇಷ್ಟ್ರೇ, ಆ ಮರಳಿನ ಪಾಠ ನನಗೆ ಯಾರಾದರೂ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು.

ತಿನ್ನುವ ವಿಷಯ ಯಾರೂ ಪೂರ್ತಿ ಹೇಳಲಿಲ್ಲ, ಅದು ಹೇಳಿಬಿಡುತ್ತೇನೆ. ಓಟದಲ್ಲಿ ಕಳೆದುಕೊಂಡದ್ದನ್ನು ಈ ಪ್ರಾಣಿ ಬಾಯಲ್ಲಿ ಗಳಿಸಿಕೊಂಡಿತ್ತು.

ಚಿರತೆ ತಿಂದ ಕರುವನ್ನು ನೋಡಿದವರಿಗೆ ಗೊತ್ತು. ಮಾಂಸ ಕೆರೆದು ತಿಂದಿರುತ್ತದೆ, ದೊಡ್ಡ ಮೂಳೆ ಹಾಗೇ ಬಿದ್ದಿರುತ್ತದೆ. ಬಾಡಿನ ಅಂಗಡಿಯಲ್ಲಿ ನಲ್ಲಿ ಮೂಳೆ ಒಡೆಯಲು ಮಚ್ಚನ್ನು ತಲೆಯ ಮೇಲಿನ ತನಕ ಎತ್ತುತ್ತಾರೆ, ಅದೂ ಕುರಿಯ ಮೂಳೆಗೆ. ಟಿ. ರೆಕ್ಸ್ ಆನೆ ಗಾತ್ರದ ಪ್ರಾಣಿಯ ಸೊಂಟದ ಮೂಳೆಗೇ ಹಲ್ಲು ಇಳಿಸುತ್ತಿತ್ತು. ಮೊಂಟಾನಾದ ಒಂದು ಟ್ರೈಸೆರಾಟಾಪ್ಸ್ ಸೊಂಟದ ಮೇಲೆ ಹತ್ತಾರು ಕಡಿತದ ಗುರುತು ಇವೆ. ಗ್ರೆಗರಿ ಎರಿಕ್ಸನ್ 1996ರಲ್ಲಿ ಅವನ್ನು ಓದಿ ಎರಡು ಹೆಜ್ಜೆಯ ಊಟ ಅಂತ ತೋರಿಸಿದರು. ಮೊದಲು ಹಲ್ಲು ಆಳಕ್ಕೆ ಚುಚ್ಚುವುದು, ಆಮೇಲೆ ಹಾಗೇ ಹಿಂದಕ್ಕೆ ಎಳೆಯುವುದು. ಮೂಳೆಯ ಮೇಲೆ ಮೊದಲು ಗುಂಡಿ, ಅದರ ಮುಂದೆ ಉದ್ದ ಗೀರು. ನೇಗಿಲು ಊರಿ ಎಳೆದ ಹಾಗೆ.

ಕಡಿತದ ಬಲಕ್ಕೆ 2012ರ ಒಂದು ಲೆಕ್ಕ 35,000ದಿಂದ 57,000 ನ್ಯೂಟನ್ ಹೇಳುತ್ತದೆ, ಅದೂ ಹಿಂದಿನ ಒಂದೇ ಹಲ್ಲಿಗೆ. ಅಂದರೆ ಮೂರೂವರೆ ಟನ್‌ನಿಂದ ಐದೂಮುಕ್ಕಾಲು ಟನ್ ಭಾರವನ್ನು ಒಂದು ಹಲ್ಲಿನ ತುದಿಯ ಮೇಲೆ ಇಟ್ಟಷ್ಟು. 2017ರ ಇನ್ನೊಂದು ಲೆಕ್ಕ ಕಡಿಮೆ ಹೇಳುತ್ತದೆ, ಹೆಚ್ಚೆಂದರೆ 34,500 ಹತ್ತಿರ. ಈಗ ಬದುಕಿರುವ ಪ್ರಾಣಿಗಳಲ್ಲಿ ಅಳೆದು ನೋಡಿದ ದಾಖಲೆ ಉಪ್ಪುನೀರಿನ ಮೊಸಳೆಯದು, ಸುಮಾರು 16,000. ಹಲ್ಲೂ ಹಾಗೇ ಇದ್ದವು. ಬೇರು ಸೇರಿ ಅತಿ ಉದ್ದದ್ದು 30 ಸೆಂ.ಮೀ., ದಪ್ಪ ಬಾಳೆಕಾಯಿಯ ಹಾಗೆ. ಚೂರಿಯಂತೆ ತೆಳ್ಳಗಿದ್ದಿದ್ದರೆ ಮೂಳೆಗೆ ತಗುಲಿದ ಕೂಡಲೇ ಮುರಿಯುತ್ತಿತ್ತು.

ಅಗಿಯುತ್ತಿರಲಿಲ್ಲ. ನಿಮ್ಮ ಕೋಳಿ ಓತಿಕ್ಯಾತ ಹಿಡಿದಾಗ ನೋಡಿ, ಕುಕ್ಕಿ, ನೆಲಕ್ಕೆ ಬಡಿದು, ತಲೆ ಹಿಂದಕ್ಕೆ ಎಸೆದು ನುಂಗುತ್ತದೆ. ಟಿ. ರೆಕ್ಸ್ ಕತ್ತಿನ ಸ್ನಾಯುಗಳ ಜೋಡಣೆಯೂ ಹಕ್ಕಿಯ ಹಾಗೇ ಇತ್ತು. ನುಂಗಿದ್ದು ಏನು ಅನ್ನುವುದಕ್ಕೂ ಸಾಕ್ಷಿ ಇದೆ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಕಲ್ಲಾಗಿ ಹೋದ ಅದರ ಹಿಕ್ಕೆ ಸಿಕ್ಕಿತು. ಕ್ಯಾರೆನ್ ಚಿನ್ ಮತ್ತು ಜೊತೆಯವರು 1998ರಲ್ಲಿ ವರದಿ ಮಾಡಿದರು. ಉದ್ದ 44 ಸೆಂ.ಮೀ. ಅದರಲ್ಲಿ ಮೂರನೇ ಒಂದು ಭಾಗದಿಂದ ಅರ್ಧದ ತನಕ ಬರೀ ಮೂಳೆ ಚೂರು, ಒಂದು ಎಳೆಯ ಸಸ್ಯಾಹಾರಿಯದು. ದಿನವೂ ಸಗಣಿ ನೋಡಿ ರೋಗ ಗುರುತಿಸುವವಳು ನಾನು. ಆ ಫೋಟೋವನ್ನು ಎಷ್ಟು ಹೊತ್ತು ನೋಡಿದೆ ಅಂತ ಹೇಳಲಾರೆ. ಮೂಳೆ ಪೂರ್ತಿ ಕರಗಿರಲಿಲ್ಲ, ಅಂದರೆ ಊಟ ಹೊಟ್ಟೆಯಲ್ಲಿ ಬಹಳ ದಿನ ನಿಂತಿರಲಿಲ್ಲ.

ಮಗಳಿಗೆ ಇನ್ನೆರಡು ಮಾತು. ಒಂದು, ಕಾಲಿಗೆ ಬಲ ಬರುತ್ತಿದ್ದದ್ದು ಬಾಲದ ಬುಡದಿಂದ. ತೊಡೆಯನ್ನು ಹಿಂದಕ್ಕೆ ಎಳೆಯುವ ದೊಡ್ಡ ಸ್ನಾಯು ಅಲ್ಲಿ ಕೂತಿತ್ತು. ಕೋಳಿಯಲ್ಲಿ ಅದು ಸವೆದು ಹೋಗಿದೆ. ಎರಡು, 2019ರಲ್ಲಿ ಎರಿಕ್ ಸ್ನೈವ್ಲಿ ತಂಡ ಹೇಳಿದ್ದು. ಅದೇ ತೂಕದ ಬೇರೆ ಮಾಂಸಾಹಾರಿ ಡೈನೋಸಾರ್‌ಗಳಿಗಿಂತ ಟಿ. ರೆಕ್ಸ್ ಕುಲದವು ಎರಡರಷ್ಟು ಬೇಗ ಮೈ ತಿರುಗಿಸಬಲ್ಲವಾಗಿದ್ದವು. ನೇರ ಓಟಕ್ಕಿಂತ ಗಕ್ಕನೆ ತಿರುಗಿ ಬಾಯಿ ಹಾಕುವುದು ಅದರ ಕಸುಬು ಅಂತ ನನಗೆ ಅನ್ನಿಸುತ್ತದೆ.

ಹಳೇಪುಸ್ತಕ_ಕಡೂರು:

ಬಾಲದಲ್ಲಿ ಬೆಸೆದ ಹಲ್ಲಿನ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್. ಒಂದೇ ಸಂಶಯ. ಮಧ್ಯಮ ಗಾತ್ರದವಕ್ಕೆ ಓಟ ಜಾಸ್ತಿ ಅಂದಿರಿ ಮೇಷ್ಟ್ರೇ. ಟಿ. ರೆಕ್ಸ್ ಕೂಡ ಒಂದು ವಯಸ್ಸಿನಲ್ಲಿ ಮಧ್ಯಮ ಗಾತ್ರದ್ದೇ ಅಲ್ವಾ?

ಮೇಷ್ಟ್ರು_ಹೊಳೆನರಸೀಪುರ:

ಸರಿಯಾದ ಕಡೆ ಕೈ ಇಟ್ಟಿರಿ ಸರ್. ಎಳೆಯದರ ಕಾಲು ಉದ್ದ, ಸಪೂರ. ತಲೆ ಹಗುರ, ಹಲ್ಲು ತೆಳ್ಳಗೆ. ಹದಿಹರೆಯಕ್ಕೆ ಬಂದಾಗ ಮೈ ತುಂಬುತ್ತಿತ್ತು, ಆ ವಯಸ್ಸಿನಲ್ಲಿ ದಿನಕ್ಕೆ ಸುಮಾರು 2 ಕೆ.ಜಿ. ಏರುತ್ತಿತ್ತು ಅಂತ 2004ರ ಒಂದು ಅಧ್ಯಯನ ಮೂಳೆಯ ಉಂಗುರ ಎಣಿಸಿ ಹೇಳಿತು. ಅಲ್ಲಿಯ ತನಕ ಊಟವೇ ಬೇರೆ. ಅದಕ್ಕೆ ಹತ್ತಿರದ ನೆಂಟ ಗೋರ್ಗೋಸಾರಸ್‌ನ ಒಂದು ಎಳೆಯ ಅಸ್ಥಿಪಂಜರ ಆಲ್ಬರ್ಟಾದಲ್ಲಿ ಸಿಕ್ಕಿದೆ. ಐದರಿಂದ ಏಳು ವರ್ಷದ್ದು. ಅದರ ಹೊಟ್ಟೆಯಲ್ಲಿ ಸಿಟಿಪೆಸ್ ಅನ್ನುವ ಹಕ್ಕಿಯಂಥ ಪುಟ್ಟ ಡೈನೋಸಾರ್‌ಗಳ ಕಾಲುಗಳು ಇದ್ದವು. ಎರಡು ಮರಿಗಳದು. ಬರೀ ಕಾಲು! ತುಂಬು ಮಾಂಸದ ತೊಡೆ ಕಿತ್ತು ನುಂಗಿದೆ, ಉಳಿದದ್ದು ಬಿಟ್ಟಿದೆ. 2023ರಲ್ಲಿ ಇದು ಪ್ರಕಟವಾಯಿತು. ದೊಡ್ಡವು ಮೂಳೆ ಒಡೆದು ತಿನ್ನುತ್ತಿದ್ದ ಕಾಡಿನಲ್ಲೇ ಚಿಕ್ಕವು ಓಡಿ ಹಿಡಿದು ತಿನ್ನುತ್ತಿದ್ದವು.

ತೋಟದಮನೆ_ಹೆತ್ತೂರು:

ಡಾಕ್ಟ್ರಿಗೆ, ಮೇಷ್ಟ್ರಿಗೆ, ಕಡೂರಿನವರಿಗೆ ತುಂಬಾ ಧನ್ಯವಾದ. ಎಲ್ಲವನ್ನೂ ಮಗಳಿಗೆ ಜೋರಾಗಿ ಓದಿ ಹೇಳಿದೆ. ಹಸುವಿನ ಕಥೆಗೆ ಅವರಜ್ಜಿಯೂ ಬಂದು ಕೂತರು. ನಮ್ಮ ಮನೆಯಲ್ಲೂ ಒಂದು ಹಾಗೆ ಬಿದ್ದಿತ್ತು, ಅದು ಏಳಲಿಲ್ಲ.

ಮಗಳ ಲೆಕ್ಕ ಹೀಗಿದೆ. ದೊಡ್ಡ ಟಿ. ರೆಕ್ಸ್ ಆದರೆ ಜೀಪಿನಲ್ಲಿ ತಪ್ಪಿಸಿಕೊಳ್ಳಬಹುದು, ಆದರೆ ಕೆರೆ ತಿರುವಿನಲ್ಲಿ ಅಲ್ಲ. ಅಲ್ಲಿ ನಾನು ಮೊದಲನೇ ಗೇರಿಗೆ ಬರುತ್ತೇನೆ, ಅದು ಗಕ್ಕನೆ ತಿರುಗುತ್ತದೆ. ಮರಿ ಟಿ. ರೆಕ್ಸ್ ಆದರೆ ನೇರ ದಾರಿಯಲ್ಲೂ ಆಗಲ್ಲ. "ಹೆದರಬೇಕಾದ್ದು ಮರಿಗೆ ಅಪ್ಪ" ಅಂದಳು. ರಾತ್ರಿ ಅಂಗಳದ ಕೋಳಿಗೂಡಿಗೆ ಟಾರ್ಚ್ ಹಿಡಿದು ಎಷ್ಟೋ ಹೊತ್ತು ಕೋಳಿ ಕಾಲನ್ನೇ ನೋಡುತ್ತಿದ್ದಳು.

ನಿನ್ನೆ ಬೆಳಿಗ್ಗೆ, ಆನೆ ಪಕ್ಕದ ಊರಿಗೆ ದಾಟಿದೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದ ಮೇಲೆ, ಇಬ್ಬರೂ ಕೆರೆ ಹತ್ತಿರ ಹೋದೆವು. ಕೆಸರಿನಲ್ಲಿ ಅದರ ಮುಂಗಾಲಿನ ಗುರುತು ಅಚ್ಚು ಹೊಡೆದ ಹಾಗೆ ಕೂತಿದೆ. ಚರ್ಮದ ಸುಕ್ಕಿನ ಗೀರು ಕೂಡ ಕಾಣುತ್ತದೆ. ಮುಂಗಾಲಿನ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರ ಅಂತ ನಮ್ಮ ಕಡೆ ಹಳಬರು ಹೇಳುತ್ತಾರೆ. ಮೆಣಸಿನ ಬಳ್ಳಿ ಕಟ್ಟುವ ದಾರವನ್ನು ಗುರುತಿನ ಸುತ್ತ ಇಟ್ಟು ಅಳೆದೆವು. ನಾಲ್ಕೂವರೆ ಅಡಿ ಬಂತು. ಒಂಬತ್ತು ಅಡಿ ಆನೆ! ಮಗಳು ಜೀಪಿನ ಪಕ್ಕ ನಿಂತು ಕೈ ಮೇಲೆತ್ತಿ ಅಷ್ಟು ಎತ್ತರ ಎಲ್ಲಿ ಬರುತ್ತದೆ ಅಂತ ನೋಡಿದಳು. ಹುಡ್‌ಗಿಂತ ಎಷ್ಟೋ ಮೇಲೆ.

ಮೇಷ್ಟ್ರೇ, ಅವಳದು ಇನ್ನೊಂದು ಪ್ರಶ್ನೆ ಇದೆ. ದಾರಿಯಲ್ಲಿ ಅದು ನಮ್ಮ ಹಿಂದೆ ಬಂದ ಕಡೆ ಕೆಲವು ಗುರುತು ಇನ್ನೂ ಉಳಿದಿವೆ. ನಿಮ್ಮ ಸೂತ್ರ ನಾಲ್ಕು ಕಾಲಿನ ಪ್ರಾಣಿಗೂ ನಡೆಯುತ್ತಾ? ಆನೆಯ ಸೊಂಟದ ಎತ್ತರಕ್ಕೆ ಎಷ್ಟು ಹಿಡಿಯಬೇಕು? ಮೋಡ ಕಟ್ಟುತ್ತಿದೆ, ಮಳೆ ಬಿದ್ದರೆ ಎಲ್ಲ ಅಳಿಸಿ ಹೋಗುತ್ತದೆ. ಇವತ್ತು ಸಂಜೆಯೊಳಗೆ ಹೇಳಿದರೆ ಟೇಪು ತೆಗೆದುಕೊಂಡು ಹೋಗುತ್ತೇವೆ.

ಮೇಷ್ಟ್ರು_ಹೊಳೆನರಸೀಪುರ:

ನಡೆಯುತ್ತದೆ. ಅಲೆಕ್ಸಾಂಡರ್ ಅವರು ಅದನ್ನು ಕಟ್ಟಿದ್ದೇ ಮನುಷ್ಯರಿಂದ ಆನೆಯ ತನಕ ಬದುಕಿರುವ ಪ್ರಾಣಿಗಳನ್ನು ನೋಡಿ. ಒಂದೇ ಹಿಂಗಾಲಿನ ಎರಡು ಗುರುತು ಹುಡುಕಿ, ಮುಂಗಾಲಿನದರ ಜೊತೆ ಬೆರೆಸಬೇಡಿ. ಹಿಂಗಾಲಿನದು ಸ್ವಲ್ಪ ಉದ್ದುದ್ದ, ಮುಂಗಾಲಿನದು ದುಂಡಗೆ. ಹಿಮ್ಮಡಿಯಿಂದ ಹಿಮ್ಮಡಿಗೆ ಅಳೆಯಿರಿ, ಸಿಕ್ಕಷ್ಟೂ ಕಡೆ ಅಳೆದು ಬರೆದುಕೊಳ್ಳಿ. ಸೊಂಟಕ್ಕೆ ಸದ್ಯ ಭುಜದ ಎತ್ತರಕ್ಕಿಂತ ಸ್ವಲ್ಪ ಕಡಿಮೆ ಹಿಡಿಯೋಣ. ಒಬ್ಬರು ಅಳೆಯುವಾಗ ಇನ್ನೊಬ್ಬರು ತೋಟದ ಕಡೆ ಕಣ್ಣಿಟ್ಟಿರಿ. ಮಗಳ ಕೈಬರಹದಲ್ಲೇ ಅಳತೆ ಕಳಿಸಿ, ನಾಳೆ ನಮ್ಮ ಮಕ್ಕಳ ಕೈಲಿ ಲೆಕ್ಕ ಮಾಡಿಸುತ್ತೇನೆ.